ಬಾಗಿಲ ಪಕ್ಕದ ಕುರ್ಚಿ

ಶ್ರಾವಣ ಹಿಡಿದಿತ್ತು. ಅಗ್ರಹಾರದ ಮೂಲೆಯಲ್ಲಿ ವೀಳ್ಯದೆಲೆಗೆ ನೀರು ಚಿಮುಕಿಸಿ ಕಟ್ಟು ಮಾಡುತ್ತಿದ್ದ ಪುಟ್ಟಮಾದಮ್ಮ, ಎದುರಿನ ಸಹಕಾರಿ ಬ್ಯಾಂಕಿನ ಮುಂದೆ ಜನ ಸೇರುವುದನ್ನು ಕಂಡು ಎಲೆಗೆ ಗೋಣಿ ಹೊದಿಸಿ ಎದ್ದಳು. ದಟ್ಟಗಳ್ಳಿಯಲ್ಲಿ ಬಡಾವಣೆ ಮಾಡುತ್ತೇನೆಂದು ಆ ಬ್ಯಾಂಕಿನಿಂದ ದೊಡ್ಡ ಸಾಲ ಎತ್ತಿದವನು ಊರು ಬಿಟ್ಟ ಸುದ್ದಿ ಬೆಳಿಗ್ಗೆಯೇ ಹಬ್ಬಿತ್ತು.

ಬ್ಯಾಂಕಿನ ಅಧ್ಯಕ್ಷ ಸುಂದರೇಶ ಕಾರು ಕಳಿಸಿ ಸೋದರಮಾವ ರುದ್ರಸ್ವಾಮಿಯವರನ್ನು ಕರೆಸಿದ್ದ. ಹಿಂದಿನ ಅಧ್ಯಕ್ಷರು ಅವರೇ. ಸಾಲ ಕೇಳಿದವನ ಅಂಗಡಿಯಲ್ಲಿ ಅರ್ಧ ದಿನ ಕೂತು, ಗಿರಾಕಿಗಳನ್ನು ನೋಡಿ, ಅವನ ಮನೆಯ ಮಜ್ಜಿಗೆ ಕುಡಿದು ಬಂದ ಮೇಲೇ ರುಜು ಹಾಕುತ್ತಿದ್ದರು. ಜನ ‘ಮಜ್ಜಿಗೆ ಸ್ವಾಮಿ’ ಎಂದು ನಗುತ್ತಿದ್ದರು. ಆ ನಗುವಿನಲ್ಲೇ ಸುಂದರೇಶ ಚುನಾವಣೆ ಗೆದ್ದಿದ್ದ.

"ಬಾಗಿಲ ಪಕ್ಕ ನಿಮ್ಮ ಹಳೇ ಕುರ್ಚಿ ಹಾಕ್ಸಿದೀನಿ ಮಾವ. ಸುಮ್ನೆ ಕೂತ್ಕೊಳ್ಳಿ ಸಾಕು. ನಿಮ್ಮನ್ನ ನೋಡಿದ್ರೆ ಜನ ವಾಪಸ್ ಹೋಗ್ತಾರೆ."

"ದಟ್ಟಗಳ್ಳಿ ಜಾಗ ಹೋಗಿ ನೋಡಿದ್ಯೇನೋ?"

ಸುಂದರೇಶ ಕತ್ತು ಒರೆಸಿಕೊಂಡ. "ನಕ್ಷೆ ನೋಡಿದ್ದೆ. ಬ್ಯಾಂಕು ಬೆಳೀಲಿ ಅಂತ್ಲೇ ಕೊಟ್ಟೆ ಮಾವ. ನಾನೊಂದು ಪೈಸೆ ಮುಟ್ಟಿಲ್ಲ."

"ಗೊತ್ತು ಕಣೋ," ಎಂದು ರುದ್ರಸ್ವಾಮಿ ಅವನ ಭುಜ ಮುಟ್ಟಿದರು.

ಅವರು ಕೂತದ್ದೇ ಸಾಲು ಸಡಿಲವಾಯಿತು. ಟೈಲರ್ ಮೃತ್ಯುಂಜಯ ಕೈಮುಗಿದು ಹಿಂದಿರುಗಿದ. ಪುಟ್ಟಮಾದಮ್ಮ ಹತ್ತಿರ ಬಂದಳು.

"ಬುದ್ದೀ, ನಿಮ್ ದುಡ್ಡು ಇಲ್ಲೇ ಐತಾ?"

"ಎಲ್ಲಾ ಇಲ್ಲೇ ಇದೆ ಕಣಮ್ಮ."

"ಅಂಗಾರೆ ನಂದೂ ಇರ್ಲಿ ಬುಡಿ. ಮೊಮ್ಮಗಳ ಮದ್ವೆ ಕಾರ್ತೀಕಕ್ಕೆ ತಾನೆ?" ಎಂದು ತಿರುಗಿದಳು.

ಗಾಜಿನಾಚೆಯಿಂದ ಸುಂದರೇಶ ನೋಡುತ್ತಿದ್ದ. ಚಿಕ್ಕವನಿದ್ದಾಗ ಜ್ವರದಲ್ಲಿ ಹೀಗೇ ನೋಡುತ್ತಿದ್ದ.

"ಪುಟ್ಟಮಾದಮ್ಮ, ನಿಂತ್ಕೊ. ನಿಂದು ತಗೊಂಡ್ಹೋಗು," ಎಂದರು ರುದ್ರಸ್ವಾಮಿ.

"ನೀವು?"

"ನಾನು ಇಲ್ಲೇ ಕೂತಿರ್ತೀನಿ."

ಹಿಂದಿದ್ದವರ ಕಿವಿಗೆ ಅಷ್ಟೇ ಸಾಕಾಯಿತು. ಮೆಟ್ಟಿಲಿಳಿದವರು ಮತ್ತೆ ಹತ್ತಿದರು. ಸಾಲು ಬೀದಿಯ ತಿರುವಿನವರೆಗೆ ಬೆಳೆಯಿತು. ಮಧ್ಯಾಹ್ನಕ್ಕೆ ಹಣ ಮುಗಿದು ಕೌಂಟರು ಮುಚ್ಚಿತು. ಮೃತ್ಯುಂಜಯ ಓಡಿ ಬಂದಾಗ ಬಾಗಿಲು ಎಳೆಯುತ್ತಿದ್ದರು.

"ನಿಮ್ಮನ್ನ ನೋಡಿ ಹೋಗ್ಬುಟ್ಟೆ ಸ್ವಾಮಿ," ಎಂದ. ಬೈಯಲಿಲ್ಲ.



ಜನ ಕರಗಿದ ಮೇಲೆ, ದುಡ್ಡು ಕಟ್ಟಿದ ಸೆರಗಿನ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಪುಟ್ಟಮಾದಮ್ಮ ಎಲೆಯ ಕಟ್ಟೊಂದನ್ನು ತಂದು ಅವರ ಮಡಿಲಲ್ಲಿಟ್ಟಳು. ಅವರು ಜೇಬಿಗೆ ಕೈ ಹಾಕಿದರು. ಪಾಸ್‌ಬುಕ್ ಒಂದೇ ಸಿಕ್ಕಿತು.

"ನಾಳೆ ಕೊಡೀರಂತೆ ಬುದ್ದಿ," ಎಂದು ಅವಳು ರಸ್ತೆ ದಾಟಿದಳು.

ಎಲೆಯ ನೀರು ಪಂಚೆಗೆ ಇಳಿಯುತ್ತಿತ್ತು. ಅವರು ಕುರ್ಚಿಯಿಂದ ಏಳಲಿಲ್ಲ.