ಅಡ್ಡತೊಲೆ

ತಲೆ ತೊಲೆಗೆ ಬಡಿದ ಶಬ್ದ ಕೆಳಗೆ ಅಡುಗೆಮನೆಯವರೆಗೂ ಕೇಳಿಸಿತು.

"ಅಯ್ಯೋ ದೇವರೇ, ತಾಗಿತಾ?" ಎಂದು ಅತ್ತೆ ಹರಿಣಾಕ್ಷಿ ಅಲ್ಲಿಂದಲೇ ಕೂಗಿದರು.

"ಇಲ್ಲ ಅತ್ತೆ, ಸ್ವಲ್ಪ ಅಷ್ಟೆ," ಎಂದ ದಿಶಾಂತ್, ಹಣೆ ಉಜ್ಜಿಕೊಳ್ಳುತ್ತ. ಕಣ್ಣಲ್ಲಿ ನೀರು ಬಂದಿತ್ತು. ಮಾವ ದುಗ್ಗಪ್ಪ ಗೌಡರು ಅದೇ ತೊಲೆಯ ಅಡಿಯಲ್ಲಿ ಸೊಂಟಕ್ಕೆ ಕೈ ಕೊಟ್ಟು ಆರಾಮವಾಗಿ ನಿಂತಿದ್ದರು. ಅವರ ತಲೆಗೂ ತೊಲೆಗೂ ನಡುವೆ ಒಂದು ತೆಂಗಿನಕಾಯಿ ಇಡುವಷ್ಟು ಜಾಗವಿತ್ತು. ಆ ಮನೆಯವರೆಲ್ಲ ಗಿಡ್ಡ. ಐವರ್ನಾಡಿನ ಈ ಮನೆಗೆ ಅಟ್ಟ ಕಟ್ಟಿಸಿದ ಹಿರಿಯರು, ಮುಂದೊಂದು ದಿನ ಪುತ್ತೂರು ಕಡೆಯಿಂದ ಆರಡಿಯ ಅಳಿಯನೊಬ್ಬ ಬಂದು ಇಲ್ಲಿ ನಿಲ್ಲುತ್ತಾನೆಂದು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ.

"ತಲೆ ಸ್ವಲ್ಪ ಬಗ್ಗಿಸಿದ್ರೆ ಆಯ್ತು. ನಾಲ್ಕು ದಿನದಲ್ಲಿ ಅಭ್ಯಾಸ ಆಗ್ತದೆ," ಎಂದರು ಮಾವ. "ಈಗ ನೋಡಿ ಹೇಳಿ, ಹೇಗುಂಟು?"

ದಿಶಾಂತ್ ನೋಡಿದ. ಕಡಬದಲ್ಲಿ ಒಂದು ಹೊಸ ಮನೆಗೆ ವಾಲ್‌ಪೇಪರ್ ಅಂಟಿಸುವ ಕೆಲಸಕ್ಕೆಂದು ಹೋಗಿ ವಾರವಿಡೀ ಅಲ್ಲೇ ಉಳಿದಿದ್ದ. ಹೋಗುವಾಗ ಇದು ರಬ್ಬರ್ ಶೀಟುಗಳನ್ನು ಒಟ್ಟಿ ಇಡುವ ಅಟ್ಟವಾಗಿತ್ತು. ಈಗ ಶೀಟುಗಳೆಲ್ಲ ಮಾಯ. ಹಂಚಿನ ಅಡಿಗೆ ಇಳಿಜಾರಾಗಿ, ಗೋಡೆಗೆ ನೇರವಾಗಿ, ಹೊಸ ಬಿಳಿ ಬೋರ್ಡು ಹೊಡೆದಿದ್ದರು. ಒಂದು ಫ್ಯಾನು, ಎರಡು ಲೈಟು. ನಡುವೆ ಮಾತ್ರ, ಮನೆಯ ಆ ಬದಿಯಿಂದ ಈ ಬದಿಗೆ, ಕಪ್ಪಗೆ ಮಿಂಚುವ ಹಲಸಿನ ಅಡ್ಡತೊಲೆ ಇದ್ದಂತೆಯೇ ಇತ್ತು. ಅದನ್ನು ತೆಗೆದರೆ ಹಂಚಿನ ಮಾಡೇ ಕುಸಿಯುತ್ತದೆಂದು ಬಡಗಿ ಕೂಸಪ್ಪ ಹೇಳಿದನಂತೆ.

"ಯಾರಿಗೆ ಮಾವ ಇದು?" ಎಂದು ಕೇಳಿದ. ಕೇಳುವ ಮೊದಲೇ ಉತ್ತರ ಗೊತ್ತಾಗಿತ್ತು.

"ಯಾರಿಗೆ ಅಂದ್ರೆ? ನಿಮಗಿಬ್ಬರಿಗೆ! ಬೋರ್ಡು ಹೊಡೆಯುವಲ್ಲಿಗೆ ನನ್ನ ಕೆಲಸ ಮುಗೀತು. ಪೇಂಟು, ವಾಲ್‌ಪೇಪರು ಎಲ್ಲ ನಿಮ್ಮ ಇಲಾಖೆ. ಮನೆಯಲ್ಲೇ ಇಂಥ ಕೆಲಸಗಾರ ಇರುವಾಗ ಹೊರಗಿನವರನ್ನು ಕರೆಯುದು ಎಂತಕ್ಕೆ?"

ದಿಶಾಂತನ ಪ್ಯಾಂಟಿನ ಜೇಬಿನಲ್ಲಿ ಒಂದು ಕೀಲಿಕೈ ಇತ್ತು. ಪುತ್ತೂರಿನ ದರ್ಬೆಯಲ್ಲಿ ಒಂದು ಬಾಡಿಗೆ ಮನೆಯದ್ದು. ಅದೇ ಶನಿವಾರ ಸಂಜೆ, ಕಡಬದಿಂದ ಬರುತ್ತ ಪುತ್ತೂರಿನ ತನ್ನ ವಾಲ್‌ಪೇಪರ್ ಅಂಗಡಿಗೆ ಹೋದಾಗ, ಪಾಲುದಾರ ಕಾಸಿಂ ಅದನ್ನು ಅವನ ಕೈಗೆ ಹಾಕಿ, "ನನ್ನ ದೊಡ್ಡಮ್ಮನ ಮಗನ ಮನೆ. ನಿನಗೆ ಅಂತ ಹಿಡಿದು ಇಟ್ಟದ್ದು. ನಾಡಿದ್ದಲ್ಲ, ಮುಂದಿನ ಸೋಮವಾರದ ಒಳಗೆ ಹೂಂ ಅಥವಾ ಊಹೂಂ ಹೇಳು ಮಾರಾಯ," ಎಂದಿದ್ದ. ಇವತ್ತು ಊಟಕ್ಕೆ ಕೂತಾಗ ಮಾವನಿಗೆ ಹೇಳಿಬಿಡುವುದೆಂದು ದಾರಿಯುದ್ದಕ್ಕೂ, ಬೆಳ್ಳಾರೆ ದಾಟುವವರೆಗೆ, ಬೈಕಿನ ಮೇಲೆ ಗಟ್ಟಿಯಾಗಿ ಅಭ್ಯಾಸ ಮಾಡಿಕೊಂಡು ಬಂದಿದ್ದ. ನಾವು ಪುತ್ತೂರಿಗೆ ಹೋಗ್ತೇವೆ ಮಾವ. ಒಂದೇ ವಾಕ್ಯ. ಅದನ್ನು ಹೇಳಲಿಕ್ಕೆ ಏನು ಮಹಾ?

"ಚಂದ ಉಂಟು ಮಾವ," ಎಂದ.

ಎರಡು ವರ್ಷದ ಹಿಂದೆ ದುಗ್ಗಪ್ಪ ಗೌಡರು ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡಾಗ, ಒಬ್ಬಳೇ ಮಗಳು ಅಕ್ಷಿತಾ ಗಂಡನನ್ನು ಕರೆದುಕೊಂಡು ಒಂದು ತಿಂಗಳ ಮಟ್ಟಿಗೆಂದು ಬಂದವಳು. ಕಾಲು ಕೂಡಿತು, ಸ್ಕೂಟರೂ ರಿಪೇರಿಯಾಯಿತು, ಗೌಡರು ಈಗ ಮೊದಲಿಗಿಂತ ಜೋರಾಗಿ ಬಿಡುತ್ತಾರೆ. ತಿಂಗಳು ಮಾತ್ರ ಮುಗಿಯಲೇ ಇಲ್ಲ. ಬೈದು ಇಟ್ಟುಕೊಂಡಿದ್ದರೆ ಬಿಟ್ಟು ಹೋಗಬಹುದಿತ್ತು. ಇಲ್ಲಿ ಬೆಳಿಗ್ಗೆ ಅವನು ಏಳುವ ಮೊದಲೇ ಸ್ನಾನಕ್ಕೆ ನೀರು ಕಾದಿರುತ್ತಿತ್ತು, ಮೀನಿನ ದೊಡ್ಡ ತುಂಡು ಅವನ ತಟ್ಟೆಗೇ ಬೀಳುತ್ತಿತ್ತು. ಮನೆಯವರು ತಮ್ಮತಮ್ಮಲ್ಲಿ ಮನೆಮಾತಾದ ಅರೆಭಾಷೆಯಲ್ಲಿ ಮಾತಾಡುತ್ತಿದ್ದವರು, ತುಳುವಿನಲ್ಲಿ ಬೆಳೆದ ಅವನು ಬಂದ ಕೂಡಲೇ ಮರ್ಯಾದೆಯ ಕನ್ನಡಕ್ಕೆ ತಿರುಗುತ್ತಿದ್ದರು. ಆ ಮರ್ಯಾದೆಯಲ್ಲಿ ಅವನಿಗೆ ಉಸಿರು ಕಟ್ಟುತ್ತಿತ್ತು. ಹಾಗೆಂದು ಯಾರ ಹತ್ತಿರ ಹೇಳುವುದು? ಕೇಳಿದವರು ನಗುತ್ತಾರೆ.

ಅಕ್ಷಿತಾಳಿಗೆ ಮಾತ್ರ ಗೊತ್ತಿತ್ತು. ಅವನು ಕಡಬಕ್ಕೆ ಹೋಗುವ ಮೊದಲು ದರ್ಬೆಯ ಮನೆಯನ್ನು ಇಬ್ಬರೂ ಸೇರಿಯೇ ನೋಡಿ ಬಂದಿದ್ದರು. ಅಲ್ಲಿನ ಸಣ್ಣ ಅಡುಗೆಮನೆಯಲ್ಲಿ ಅವಳು ಖಾಲಿ ಶೆಲ್ಫುಗಳನ್ನು ಮುಟ್ಟಿ ಮುಟ್ಟಿ, "ಇಲ್ಲಿ ಉಪ್ಪಿನ ಭರಣಿ, ಇಲ್ಲಿ ಚಾಪುಡಿ," ಎಂದು ಜಾಗ ಹಂಚಿದ್ದಳು. "ಅಮ್ಮನ ಅಡುಗೆಮನೆಯಲ್ಲಿ ನಾನು ಈಗಲೂ ತೆಂಗಿನಕಾಯಿ ತುರಿಯುವ ಹುಡುಗಿಯೇ," ಎಂದಿದ್ದಳು. ಮಲಗುವ ಕೋಣೆಯಲ್ಲಿ ಕಿಟಕಿಗೆ ಎದುರಾದ ಗೋಡೆಗೆ ಎಂಥ ಪೇಪರ್ ಎಂದೂ ಆರಿಸಿಯಾಗಿತ್ತು: ತೆಳು ಹಸಿರಿನ ಮೇಲೆ ಸಣ್ಣ ಸಣ್ಣ ಎಲೆಯ ಬಳ್ಳಿ. ಆ ರೋಲುಗಳನ್ನು ದಿಶಾಂತ್ ಅಂಗಡಿಯ ಒಳಗಿನ ಕಪಾಟಿನಲ್ಲಿ ಯಾರಿಗೂ ಮಾರದೆ ಎತ್ತಿಟ್ಟಿದ್ದ.

"ಈಗ ಎಂತ ಮಾಡುದು?" ಎಂದು ಅವನು ಅಟ್ಟದಿಂದ ಇಳಿದ ಮೇಲೆ ಬಾವಿಕಟ್ಟೆಯ ಹತ್ತಿರ ಅವಳನ್ನು ಹಿಡಿದು ಕೇಳಿದ.

"ನೀವೇ ಹೇಳಿ ಅಪ್ಪನ ಹತ್ತಿರ. ನಾನು ಹೇಳಿದ್ರೆ ಅಮ್ಮ ಅಳ್ತಾರೆ."

"ನಾನು ಹೇಳಿದ್ರೆ?"

"ನೀವು ಹೇಳಿದ್ರೂ ಅಳ್ತಾರೆ. ಆದ್ರೆ ನಿಮ್ಮ ಎದುರು ಅಳುದಿಲ್ಲ."

ಪ್ರೈಮರ್ ಹೊಡೆದು ಮುಗಿಸುವಾಗ ಹೇಳುವುದೆಂದು ದಿಶಾಂತ್ ನಿಶ್ಚಯಿಸಿದ. ಭಾನುವಾರ ಪ್ರೈಮರ್ ಹೊಡೆದ. ಬೇಸಗೆಯ ಹಂಚು ಕಾದು ಬೋರ್ಡಿನ ಮೂಲಕ ಬಿಸಿ ಇಳಿಯುತ್ತಿತ್ತು. ಬಿಸಿ ಏರಿದಂತೆ, ವರ್ಷಗಟ್ಟಲೆ ಅಲ್ಲಿದ್ದ ರಬ್ಬರ್ ಶೀಟಿನ ಹುಳಿ ವಾಸನೆ ಹಲಗೆಯ ಸಂದಿನಿಂದ ಎದ್ದು ಪೇಂಟಿನ ವಾಸನೆಯನ್ನು ನುಂಗುತ್ತಿತ್ತು. ಮಾವ ಮೆಟ್ಟಿಲಿನ ತುದಿಯಲ್ಲಿ ಕೂತು, ರೋಲರು ಮೇಲೆ ಕೆಳಗೆ ಹೋಗುವುದನ್ನು ಮಕ್ಕಳು ಬುಲ್ಡೋಜರ್ ನೋಡುವಂತೆ ನೋಡುತ್ತಿದ್ದರು. "ಎಂಥ ಕೈ ಮಾರಾಯ್ರೆ ನಿಮ್ಮದು! ಒಂದು ಗೆರೆ ಕಾಣುದಿಲ್ಲ," ಎಂದರು. ಈ ಮಾತಿಗೆ ಉಬ್ಬಬಾರದೆಂದು ಎಷ್ಟು ತಡೆದುಕೊಂಡರೂ ದಿಶಾಂತ್ ಉಬ್ಬಿದ. ಹೊಗಳಿಸಿಕೊಂಡ ಕೂಡಲೇ ಹೋಗುತ್ತೇನೆ ಎನ್ನುವುದು ಹೇಗೆ? ಪೇಂಟು ಮುಗಿಯಲಿ ಎಂದುಕೊಂಡ.

ಪೇಂಟೂ ಮುಗಿಯಿತು. ಇಳಿಜಾರಿಗೆ ಹಾಲಿನ ಬಿಳಿ, ಗೋಡೆಗೆ ಅದಕ್ಕಿಂತ ಒಂದು ಛಾಯೆ ಕೆಳಗೆ. ಅಷ್ಟರಲ್ಲಿ ತೊಲೆ ಅವನ ಹಣೆಗೆ ಇನ್ನೂ ಕೆಲವು ಸಲ ಬಡಿದು, ಅತ್ತೆ ತಡೆಯಲಾರದೆ ಮೈ ಒರೆಸುವ ಹಳೆಯ ಬೈರಾಸೊಂದನ್ನು ತಂದು, ಅವನ ತಲೆ ತಾಗುವ ಜಾಗಕ್ಕೆ ಸುತ್ತಿ, ಹಗ್ಗದಲ್ಲಿ ಬಿಗಿದು ಕಟ್ಟಿದರು. "ಇನ್ನು ತಾಗಿದ್ರೂ ನೋಯುದಿಲ್ಲ," ಎಂದರು. ಆ ಪ್ರೀತಿ ಅಪ್ಪಟವಾಗಿತ್ತು. ಅದೇ ಅವನಿಗೆ ಸಂಕಟವಾದದ್ದು.

ಶುಕ್ರವಾರ ರಾತ್ರಿ ಊಟದ ನಂತರ ವಾಲ್‌ಪೇಪರಿನ ಕ್ಯಾಟಲಾಗು ಚಾವಡಿಯಲ್ಲಿ ಬಿಚ್ಚಿಕೊಂಡಿತು. ಅತ್ತೆಗೆ ಜಲಪಾತದ ಚಿತ್ರ ಬೇಕು, ನೋಡುವಾಗಲೇ ತಂಪಾಗ್ತದೆ ಎಂದು. ಮಾವನಿಗೆ ಸುಳ್ಯದ ಯಾವುದೋ ಮದುವೆ ಹಾಲ್‌ನಲ್ಲಿ ಕಂಡ ಇಟ್ಟಿಗೆಯ ಡಿಸೈನು. ಇಬ್ಬರೂ ಅರೆಭಾಷೆಯಲ್ಲಿ ಜಗಳಕ್ಕೇ ಇಳಿದರು. ದಿಶಾಂತ್ ಒಳಗೊಳಗೇ ಸಂತೋಷಪಟ್ಟ. ಜಲಪಾತವೋ ಇಟ್ಟಿಗೆಯೋ, ಎಂಥದೋ ಒಂದು ಹೋಗಲಿ. ಎಲೆಯ ಬಳ್ಳಿ ಕಪಾಟಿನಲ್ಲಿ ಕ್ಷೇಮವಾಗಿರುವವರೆಗೆ ದರ್ಬೆಯ ಮನೆಯೂ ಕ್ಷೇಮ ಎಂದು ಅವನಿಗೆ ಅನಿಸಿತ್ತು.

ಅಕ್ಷಿತಾ ತಟ್ಟೆಗಳನ್ನು ಎತ್ತುತ್ತಿದ್ದಳು. ಎತ್ತುತ್ತಲೇ ಹೇಳಿದಳು: "ಅದೆಲ್ಲ ಬೇಡ. ನಿಮ್ಮ ಅಂಗಡಿಯಲ್ಲಿ ಆ ಎಲೆಯದ್ದು ಉಂಟಲ್ಲ. ಅದನ್ನೇ ತನ್ನಿ."

ಅವನು ಅವಳ ಮುಖ ನೋಡಿದ. ಅವಳು ತಟ್ಟೆಗಳನ್ನು ನೋಡುತ್ತಿದ್ದಳು.

"ಅದು ಬೇರೆ ಯಾರಿಗೋ ಎತ್ತಿಟ್ಟದ್ದು," ಎಂದ.

"ಅವರು ಬರುದಿಲ್ಲ, ಕಾಣ್ತದೆ," ಎಂದು ಹೇಳಿ ಅವಳು ಒಳಗೆ ಹೋದಳು. ನೀರು ಬಿಟ್ಟ ಶಬ್ದ ಕೇಳಿಸಿತು. ತಟ್ಟೆ ತೊಳೆಯಲಿಕ್ಕೆ ಅಷ್ಟು ನೀರು ಬೇಕಾಗಿರಲಿಲ್ಲ.

ಶನಿವಾರ ಕಾಸಿಂ ಕಪಾಟಿನಿಂದ ರೋಲುಗಳನ್ನು ತೆಗೆದುಕೊಡುತ್ತ, "ದರ್ಬೆಗಾ?" ಎಂದು ಹಲ್ಲುಬಿಟ್ಟ. ದಿಶಾಂತ್ ಕೇಳಿಸದವನಂತೆ ಗಮ್ಮಿನ ಪುಡಿ ಹುಡುಕಿದ.

ಭಾನುವಾರ ಬೆಳಿಗ್ಗೆ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ಗೆರೆ ಎಳೆದ. ಮೊದಲ ಪಟ್ಟಿ ಅಂಟಿಸಿದ. ಆಗ ಅವನಿಗೆ ಉಪಾಯ ಹೊಳೆಯಿತು. ಕೆಲಸ ಕೆಡಬೇಕು. ಈ ಕೋಣೆ ಕಣ್ಣಿಗೆ ಹಿಡಿಸದ ಹಾಗೆ ಆಗಬೇಕು. ಆಗ, ಇಲ್ಲಿ ಆಗುದಿಲ್ಲ ಮಾವ, ಹಂಚಿನ ಬಿಸಿಗೆ ಪೇಪರ್ ನಿಲ್ಲುದಿಲ್ಲ, ನಾವು ಹೇಗೂ ಪುತ್ತೂರಿನಲ್ಲಿ ಒಂದು ಮನೆ ನೋಡಿದ್ದೇವೆ ಎಂದು ಮಾತು ಸುಲಭವಾಗಿ ಜಾರಿಕೊಂಡು ಬಂದೀತು. ಎರಡನೇ ಪಟ್ಟಿಯನ್ನು ಬೇಕೆಂದೇ ಅರ್ಧ ಬೆರಳು ಕೆಳಗಿಳಿಸಿ ಅಂಟಿಸಿದ. ಈ ಪಟ್ಟಿಯ ಬಳ್ಳಿ ಆ ಪಟ್ಟಿಯ ಬಳ್ಳಿಗೆ ಕೂಡದೆ, ಎಲೆಗಳೆಲ್ಲ ನಡುವೆ ತುಂಡಾಗಿ ನಿಂತವು. ನೋಡಲಿಕ್ಕೇ ಅಸಹ್ಯವಾಗಿತ್ತು. ಅವನಿಗೆ ಗೆದ್ದಂತಾಯಿತು. ಕೈ ತೊಳೆದು ಚಾಕ್ಕೆ ಇಳಿದ.

ಚಾ ಅರ್ಧವೂ ಆಗಲಿಲ್ಲ. ಮಾವ ಏನೋ ರಬ್ಬರಿನ ರೇಟು ಹೇಳುತ್ತಿದ್ದರು, ಅತ್ತೆ ನೀರುದೋಸೆಯ ಮೇಲೆ ನೀರುದೋಸೆ ಹಾಕುತ್ತಿದ್ದರು. ದಿಶಾಂತನ ಕಣ್ಣಿಗೆ ತುಂಡಾದ ಎಲೆಗಳೇ ಕಾಣುತ್ತಿದ್ದವು. ಗಮ್ಮು ಒಣಗುತ್ತ ಬರುತ್ತದೆ. ಒಣಗಿದರೆ ಮತ್ತೆ ಎಬ್ಬಿಸಲಿಕ್ಕಾಗದು. ತನ್ನ ಕೈಯಿಂದ ಅಂಟಿಸಿದ ಗೋಡೆ, ಅಕ್ಷಿತಾ ಆರಿಸಿದ ಪೇಪರು! ಹಲ್ಲಿನ ಸಂದಿನಲ್ಲಿ ಮೀನಿನ ಮುಳ್ಳು ಸಿಕ್ಕಿದಂತಾಯಿತು ಅವನಿಗೆ. "ಒಂದು ನಿಮಿಷ," ಎಂದು ಎದ್ದವನೇ ಮೆಟ್ಟಿಲು ಹಾರಿದ, ಬೈರಾಸಿಗೆ ತಲೆ ಕೊಟ್ಟ, ಪಟ್ಟಿಯ ಮೇಲಿನ ತುದಿ ಹಿಡಿದು ಮೆಲ್ಲಗೆ ಎಬ್ಬಿಸಿದ. ಹರಿಯಲಿಲ್ಲ. ಅರ್ಧ ಬೆರಳು ಮೇಲೆ ಸರಿಸಿ, ಬಳ್ಳಿಗೆ ಬಳ್ಳಿ ಕೂಡಿಸಿ, ಒದ್ದೆ ಬಟ್ಟೆಯಿಂದ ನಡುವಿನಿಂದ ಬದಿಗೆ ಒತ್ತಿದ. ಜೋಡಣೆ ಮಾಯವಾಯಿತು. ಅವನು ತೊಲೆಗೆ ಕೈ ಆನಿಸಿ ನಿಂತು ದೊಡ್ಡ ಉಸಿರು ಬಿಟ್ಟ. ತನಗೇ ತಾನು ಶಾಪ ಹಾಕಿಕೊಂಡ. ಉಳಿದ ಪಟ್ಟಿಗಳನ್ನು ಆ ಸಿಟ್ಟಿನಲ್ಲೇ ಅಂಟಿಸಿದ, ಒಂದಕ್ಕಿಂತ ಒಂದು ಚಂದಕ್ಕೆ ಬಂದವು. ರೋಲಿನಲ್ಲಿ ಉಳಿದ ತುಂಡನ್ನು ಸಹ ಬಿಸಾಡಲು ಮನಸ್ಸು ಬಾರದೆ, ಬೈರಾಸಿನ ಮೇಲೆ ಸುತ್ತಿ ಅಂಟಿಸಿಬಿಟ್ಟ.

ಸಂಜೆ ಎಲ್ಲರೂ ಮೇಲೆ ಬಂದರು. ಅತ್ತೆ ಜಲಪಾತವನ್ನು ಮರೆತು ಗೋಡೆ ಸವರಿದರು. ಅಕ್ಷಿತಾ ಬಾಗಿಲಲ್ಲೇ ನಿಂತಿದ್ದಳು. ಈಗಲ್ಲದಿದ್ದರೆ ಇನ್ನಿಲ್ಲ ಎಂದು ದಿಶಾಂತನಿಗೆ ಗೊತ್ತಿತ್ತು. ನಾಳೆ ಸೋಮವಾರ. ಜೇಬಿಗೆ ಕೈ ಹಾಕಿ ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

"ಮಾವ, ಒಂದು ವಿಷಯ ಹೇಳ್ಲಿಕ್ಕುಂಟು."

"ಗೊತ್ತುಂಟು," ಎಂದರು ದುಗ್ಗಪ್ಪ ಗೌಡರು, ನಗುತ್ತ. "ದರ್ಬೆಯ ಮನೆ ವಿಷಯ ಅಲ್ವಾ? ಬಸ್ಸಿನ ಕಂಡಕ್ಟರ್ ಹೇಳಿದ, ಅಳಿಯ ಮಗಳು ಮನೆ ನೋಡ್ತಾ ಇದ್ರು ಅಂತ. ನನಗೆ ಬೇಸರ ಆಗಲಿಲ್ಲ. ತಪ್ಪು ನಮ್ಮದೇ. ಗಂಡ ಹೆಂಡತಿಗೆ ಅಂತ ಒಂದು ಜಾಗ ಬೇಡ್ವಾ? ನಮ್ಮ ಕೆಮ್ಮು ಕೇಳಿಕೊಂಡು ಪಕ್ಕದ ಕೋಣೆಯಲ್ಲಿ ಎಷ್ಟು ದಿನ ಇರುದು? ಅದಕ್ಕೇ ಅಲ್ವಾ ಈ ಕೆಲಸ ಹಿಡಿದದ್ದು. ಇನ್ನು ಇಲ್ಲಿಗೆ ನಾವು ಹತ್ತುದಿಲ್ಲ, ನಿಮ್ಮ ರಾಜ್ಯ. ಈಗ ಸಮಾಧಾನ ಆಯ್ತಲ್ಲ?"

ಅವರ ಮುಖದಲ್ಲಿ ಕಪಟವಿರಲಿಲ್ಲ. ಮಗಳು ಹೋಗಿಬಿಡುತ್ತಾಳೆ ಎಂಬ ಹೆದರಿಕೆ ಇತ್ತು, ಅದನ್ನು ಅವರು ನಗುವಿನಿಂದ ಮುಚ್ಚಿದ್ದರು. ಹರಿಣಾಕ್ಷಿ ಸೆರಗಿನಿಂದ ಕಣ್ಣೊರೆಸಿದರು. ಅಕ್ಷಿತಾ ಹೇಳಿದ್ದು ಸುಳ್ಳಾಯಿತು, ಅಳಿಯನ ಎದುರೇ ಅತ್ತುಬಿಟ್ಟರು. ದಿಶಾಂತನ ಬಾಯಿಯಲ್ಲಿ ಎಂಟು ದಿನದಿಂದ ಇದ್ದ ವಾಕ್ಯ ಎಲ್ಲಿ ಹೋಯಿತೋ. ಕೀಲಿಕೈ ಹಿಡಿದ ಮುಷ್ಟಿಯನ್ನು ಜೇಬಿನಲ್ಲೇ ಸಡಿಲಿಸಿದ.

"ಹೌದು ಮಾವ," ಎಂದ.

ಹಿರಿಯರು ಇಳಿದು ಹೋದ ಮೇಲೆ ಅಕ್ಷಿತಾ ಒಳಗೆ ಬಂದಳು. ಎಲೆಯ ಬಳ್ಳಿಯೊಂದನ್ನು ಬೆರಳಲ್ಲಿ ಹಿಂಬಾಲಿಸುತ್ತ ಪಟ್ಟಿಯಿಂದ ಪಟ್ಟಿಗೆ ನಡೆದಳು. ಎಲ್ಲಿ ಜೋಡಿಸಿದ್ದೆಂದು ಅವಳಿಗೆ ಸಿಗಲಿಲ್ಲ.

"ಇಷ್ಟು ಚಂದ ಎಂತಕ್ಕೆ ಮಾಡಿದ್ರಿ?" ಎಂದಳು. "ಸ್ವಲ್ಪ ಹಾಳು ಮಾಡ್ಲಿಕ್ಕೆ ಆಗ್ತಿರ್ಲಿಲ್ವಾ?"

ಅವನು ಒದ್ದೆ ಬಟ್ಟೆ ಹಿಂಡಿ ಮಡಚಿಟ್ಟ. ಮಾಡಿ ನೋಡಿದ್ದೆ ಎಂದು ಹೇಳಿದರೆ ಇಬ್ಬರೂ ಅಳಬೇಕಾಗಿತ್ತು.

ಮರುದಿನ ಮಧ್ಯಾಹ್ನ ಕಾಸಿಮನ ಜೊತೆ ದರ್ಬೆಗೆ ಹೋದ. ಕೀಲಿಕೈಯನ್ನು ಅಂಗಡಿಯಲ್ಲೇ ಕೊಡಬಹುದಿತ್ತು. "ಒಂದು ಸಲ ನೋಡಿ ಬರುವ," ಎಂದ. ದಿಶಾಂತ್ ಬೀಗ ತೆಗೆದ. ಕಾಸಿಂ ಮೊದಲು ಒಳಗೆ ಹೋಗಿ ಕಿಟಕಿ ದೂಡಿದ. ಹಿಂದೆಯೇ ದಿಶಾಂತ್ ಹೊಸ್ತಿಲು ದಾಟಿದ.

"ಅದೆಂತ ಮಾರಾಯ, ಬಗ್ಗುದು?" ಎಂದು ಕಾಸಿಂ ನಕ್ಕ.

ದಿಶಾಂತ್ ತಿರುಗಿ ಮೇಲೆ ನೋಡಿದ. ಎತ್ತರದ ಬಾಗಿಲು. ಹಳೆಯ ಬಾಡಿಗೆಯವರು ಕಟ್ಟಿದ್ದ ಮಾವಿನೆಲೆಯ ತೋರಣ ಒಣಗಿ, ಅವನ ತಲೆಗಿಂತ ಒಂದು ಮೊಳ ಮೇಲೆ ತೂಗುತ್ತಿತ್ತು. ಅಡುಗೆಮನೆಯ ಶೆಲ್ಫುಗಳು ಖಾಲಿಯಾಗಿದ್ದವು. ಮಲಗುವ ಕೋಣೆಗೆ ಹೋಗಿ ಕಿಟಕಿಗೆ ಎದುರಾದ ಗೋಡೆಯನ್ನು ಗೇಣಿನಿಂದ ಅಳೆದ. ರೋಲುಗಳು ಸರಿಯಾಗಿ ಸಾಕಾಗುತ್ತಿದ್ದವು, ಒಂದು ತುಂಡೂ ಉಳಿಯುತ್ತಿರಲಿಲ್ಲ.

"ಹೋಗುವ," ಎಂದು ಕೀಲಿಕೈ ಕೊಟ್ಟ.

ಹೊರಡುವಾಗ ಬಾಗಿಲ ಎದುರು ಒಂದು ಕ್ಷಣ ನಿಂತ. ಈ ಸಲ ನೆನಪಿತ್ತು. ಬೆನ್ನು ನೆಟ್ಟಗೆ ಮಾಡಿ, ಕಣ್ಣನ್ನು ಎದುರಿನ ರಸ್ತೆಯ ಮೇಲಿಟ್ಟು ಹೆಜ್ಜೆ ಎತ್ತಿದ. ಹೊಸ್ತಿಲ ಹತ್ತಿರ ಬಂದಾಗ ಕುತ್ತಿಗೆ ತನ್ನಷ್ಟಕ್ಕೆ ಬಗ್ಗಿತು. ಹಾಗೇ ದಾಟಿದ. ಹಿಂದೆ ಕಾಸಿಂ ಬೀಗ ಹಾಕಿ, ಒಮ್ಮೆ ಎಳೆದು ನೋಡಿದ.