ಎರಡು ಬೆರಳು ಮಣ್ಣು

ಮಲಾಡ್ ಪೂರ್ವದ ಕಲ್ಲು ಕ್ವಾರಿ ಮುಚ್ಚಿ ಹದಿನಾಲ್ಕು ವರ್ಷವಾಗಿತ್ತು. ಅಲ್ಲಿ ಯಾರೂ ಏನನ್ನೂ ನೆಟ್ಟಿರಲಿಲ್ಲ. ಬರಿಬಂಡೆಯ ಮೇಲೆ ಮೊದಲು ಹಾವಸೆ ಹಬ್ಬಿತು, ಆಮೇಲೆ ಹುಲ್ಲು ಬಂತು, ಹುಲ್ಲು ಕೊಳೆತು ಎರಡು ಬೆರಳು ದಪ್ಪ ಮಣ್ಣಾಯಿತು. ಸೌಮ್ಯಾ ನಾಲ್ಕು ವರ್ಷದಿಂದ ಆ ಮಣ್ಣನ್ನು ಚಮಚದಲ್ಲಿ ತೆಗೆದು, ಭೂತಗನ್ನಡಿಯಡಿ ಹುಳ ಎಣಿಸುತ್ತಿದ್ದಳು. ಮೊದಲ ವರ್ಷ ಕಂಡದ್ದು ನುಸಿ ಮಾತ್ರ. ಈ ಮಳೆಗಾಲಕ್ಕೆ ಬಾಲ ಬಡಿದು ನೆಗೆಯುವ, ಎಳ್ಳಿಗಿಂತ ಸಣ್ಣ ಬಿಳಿ ಹುಳಗಳೂ ಬಂದಿದ್ದವು. ಎರೆಹುಳ ಇನ್ನೂ ಬಂದಿರಲಿಲ್ಲ; ಸಮಿತಿಗೆ ಕೊಟ್ಟ ರಿಪೋರ್ಟಿನಲ್ಲೂ ಹಾಗೇ ಬರೆದಿದ್ದಳು.

ಕ್ವಾರಿಯನ್ನು ಏನು ಮಾಡಬೇಕೆಂದು ತೀರ್ಮಾನಿಸುವ ಆ ಸಮಿತಿಯ ತಪಾಸಣೆ ಬುಧವಾರ ಇತ್ತು. ನೆಲ ಸತ್ತಿದೆ ಎಂದು ಅವರು ಬರೆದರೆ ಮುಗಿಯಿತು, ಒಡೆದ ಬಿಲ್ಡಿಂಗ್‌ಗಳ ಇಟ್ಟಿಗೆ ಸಿಮೆಂಟು ತಂದು ಕ್ವಾರಿ ತುಂಬಲು ಪರವಾನಗಿ ಸಿಗುತ್ತಿತ್ತು.

ಸಮಿತಿಯಿಂದ ಬಂದವರು ಧನರಾಜ್, ಉಡುಪಿ ಕಡೆಯ ಮಣ್ಣುತಜ್ಞರು. ಸೌಮ್ಯಾಳ ತಾಯಿ ನಾಗವ್ವನೂ ಬಂದು ನಿಂತಿದ್ದಳು. ಇಪ್ಪತ್ತು ವರ್ಷ ಇದೇ ಕ್ವಾರಿಯಲ್ಲಿ ಜಲ್ಲಿ ಒಡೆದವಳು.

ಧನರಾಜ್ ಕುಕ್ಕರಗಾಲಲ್ಲಿ ಕೂತು ಹುಲ್ಲಿನ ಬುಡ ಸರಿಸಿದರು. ಕೆಂಪು ಎರೆಹುಳಗಳು ಗಂಟುಗಂಟಾಗಿ ಹೊರಳಿದವು.

ಸೌಮ್ಯಾ ಬಗ್ಗಿ ನೋಡಿದಳು.

"ಇದೆಂತದು?" ಧನರಾಜ್ ಒಂದನ್ನು ಅಂಗೈ ಮೇಲಿಟ್ಟುಕೊಂಡರು. "ಗೊಬ್ಬರದ ತೊಟ್ಟಿಯಲ್ಲಿ ಸಾಕುವ ಹುಳ ಅಲ್ವಾ? ನಿಮ್ಮ ರಿಪೋರ್ಟಿನಲ್ಲಿ ಎರೆಹುಳವೇ ಇಲ್ಲ ಅಂತ ಉಂಟು."

"ನನಗೆ ಗೊತ್ತಿಲ್ಲ ಸರ್."

"ಮತ್ತೆ ಯಾರಿಗೆ ಗೊತ್ತು ಮಾರಾಯ್ತಿ?"

"ನಾನ ಬಿಟ್ಟೇನ್ರಿ ಸಾಹೇಬ್ರ," ನಾಗವ್ವ ಮುಂದೆ ಬಂದಳು. "ನಿನ್ನೆ ಜೋಗೇಶ್ವರಿ ನರ್ಸರ್‍ಯಾಗಿಂದ ಎರಡು ಚೀಲ ತಂದೆ, ಗೊಬ್ಬರಾ ಸೈತ. ಇಕಿ ಹುಳಾ ಬರಿಗಣ್ಣಿಗೆ ಕಾಣೂದಿಲ್ಲ. ಕನ್ಯಾ ನೋಡಾಕ ಬರೂ ಮುಂದ ಮನಿ ಸಾರಸೂದಿಲ್ಲೇನ್ರಿ?"

ಧನರಾಜ್ ನಗಲು ಹೋಗಿ ತಡೆದುಕೊಂಡರು. "ಸಾರಿಸಿದ ಮೇಲೆ ಮನೆ ಮೊದಲು ಹೇಗಿತ್ತು ಅಂತ ನಾನು ಹೇಗೆ ಹೇಳುವುದಮ್ಮ?"

"ಭೂತಗನ್ನಡಿ ತಂದಿದ್ದೇನೆ ಸರ್," ಎಂದಳು ಸೌಮ್ಯಾ. " ಐದು ನಿಮಿಷ ನೋಡಿ."

"ನೋಡಬಹುದು. ಏನು ಕಂಡರೂ ಅದು ಚೀಲದ್ದು ಅಂತಾರೆ ಸಮಿತಿಯವರು. ನಾಲ್ಕು ವರ್ಷದ್ದೂ ಚೀಲದ್ದೇ ಅಂತಾರೆ." ಅವರು ಹುಳವನ್ನು ಕೊಡವಿ, ಎರಡು ಸಾಲು ಬರೆದುಕೊಂಡು ಹೊರಟುಹೋದರು.

ನಾಗವ್ವ ಮಗಳ ಮುಖ ನೋಡಿದಳು. ಆಮೇಲೆ ನೆಲಕ್ಕೆ ಕೂತು ಹುಳಗಳನ್ನು ಕಿತ್ತು ಉಡಿಗೆ ಹಾಕಿಕೊಳ್ಳತೊಡಗಿದಳು. ಒಂದೊಂದು ಹುಳಕ್ಕೂ ಒಂದು ಹಿಡಿ ಬೇರು, ಮಣ್ಣು. ಕೆಳಗೆ ಕಪ್ಪು ಬಂಡೆ ಕಾಣಿಸಿತು.

"ಅವ್ವಾ, ಬಿಡು. ಮಣ್ಣ ಕಿತ್ತು ಬರಾಕತ್ತೇತಿ."

"ಒಂದೂ ಬಿಡೂದಿಲ್ಲ. ಎಲ್ಲಾ ಆರಿಸಿ ತಗದು ಅವರನ್ನ ಮತ್ತ ಕರಿತೀನಿ."

"ಅವರು ಬರಂಗಿಲ್ಲವ್ವಾ."

"ಯಾಕ ಬರಂಗಿಲ್ಲ?"

ಸೌಮ್ಯಾ ಅವಳ ಮಣಿಕಟ್ಟು ಹಿಡಿದಳು. ಸುತ್ತಿಗೆ ಹಿಡಿದು ಬಲಿತ ಕೈ, ನಿಲ್ಲಿಸಲಾಗಲಿಲ್ಲ. ಸ್ವಲ್ಪ ಹೊತ್ತು ಎಳೆದಾಡಿ ಬಿಟ್ಟುಬಿಟ್ಟಳು. ಆಮೇಲೆ ಅವಳೂ ಪಕ್ಕದಲ್ಲಿ ಮಂಡಿಯೂರಿ, ಬರಿಗೈಯಲ್ಲಿ ನೆಲ ಕೆದಕಿ ಹುಳ ಹೆಕ್ಕತೊಡಗಿದಳು.