ಥಂಡಿಯೊಳಗೋ, ಯುಗಾದಿಗೋ

ಮರಾಠಿ ಸೀಮೆಗೆ ಬಂದು ನೆಲೆಸಿದ್ದ ಸದಾಶಿವ ಪೇಠೆಯ ಗೂಳಪ್ಪನವರು ಮೋಟಾರು ಕೊಂಡ ಸುದ್ದಿ ಹುಬ್ಬಳ್ಳಿಯ ಬೀಗರವರೆಗೂ ಮುಟ್ಟಿತ್ತು. ಮೋಟಾರು ಮಾತ್ರ ಊರಂಚಿನ ಕೊಂಢವಾದ ಆಚೆಗೆ ಮುಟ್ಟಿರಲಿಲ್ಲ. ಭಾನುವಾರ ಅಲ್ಲಿಯ ಹೊಲಗಳವರೆಗೆ ಹೋಗುವುದು, ಬೇವಿನ ಮರದ ನೆರಳಲ್ಲಿ ಚುರಮರಿ ತಿನ್ನುವುದು, ಮನೆಗೆ ಬರುವುದು. ಎರಡನೆಯ ಮಹಾಯುದ್ಧಕ್ಕೆ ಇನ್ನೂ ನಾಲ್ಕೈದು ವರ್ಷ ಇದ್ದ ಕಾಲ, ಪೆಟ್ರೋಲಿಗೇನೂ ಬರವಿರಲಿಲ್ಲ. ಬರವಿದ್ದದ್ದು ಗೂಳಪ್ಪನವರ ನಿರ್ಧಾರಕ್ಕೆ.

ಗಾಡಿ ಕೊಂಡ ದಿನ ನಾಲ್ಕಾರು ಸಂಸಾರಗಳಿದ್ದ ವಾಡೆಯ ಅಂಗಳದಲ್ಲಿ ಅದಕ್ಕೆ ವಿಭೂತಿ ಹಚ್ಚಿ, ಎಲ್ಲರೆದುರು ಅವರು ಮಾತು ಕೊಟ್ಟಿದ್ದರು: ಡ್ರೈವರನ ಹಂಗಿಲ್ಲದೆ ತಾವೇ ನಡೆಸಿಕೊಂಡು ಹೆಂಡತಿಯನ್ನು ಕಾಶಿಗೆ ಕರೆದೊಯ್ಯುತ್ತೇನೆ ಎಂದು. ಆ ಹೆಂಡತಿ ಕಾಶವ್ವ. ಆಕೆಯ ಕಣ್ಣಿಗೆ ಪೊರೆ ಬರುತ್ತಿತ್ತು. ಪೊರೆ ಬಲಿತ ಮೇಲೆ ಕೊಯ್ಯೋಣ, ಅಲ್ಲಿಯವರೆಗೆ ಮಸುಕು ಹೆಚ್ಚುತ್ತಲೇ ಹೋಗುತ್ತದೆ ಎಂದಿದ್ದರು ಡಾಕ್ಟರು. ಕೊಯ್ದ ಮೇಲೆ ಏನಾಗುವುದೋ ಯಾರು ಬಲ್ಲರು? ಕಣ್ಣು ಇದ್ದಾಗಲೇ ಗಂಗೆಯನ್ನು ಒಮ್ಮೆ ನೋಡಬೇಕು. ಕಾಶವ್ವನಿಗೆ ಬೇಕಾದದ್ದು ಅಷ್ಟೇ.

"ಥಂಡಿಯೊಳಗ ಹೋಗೂಣೇನ್ರಿ?" ಎಂದು ಕೇಳಿದರೆ ಗೂಳಪ್ಪನವರು ಹೌಹಾರುತ್ತಿದ್ದರು. "ಉತ್ತರದ ಥಂಡಿ ಅಂದ್ರ ಏನ ತಿಳಿದಿ? ಇಂಜಿನ್ನಿನೊಳಗಿನ ನೀರು ಗಡ್ಡಿ ಕಟ್ಟತದ. ಮಂಜಿನಾಗ ಎದುರಿನ ಎತ್ತು ಕಾಣೂದಿಲ್ಲ."

"ಹಂಗಾರ ಯುಗಾದಿ ಹೊತ್ತಿಗೆ?"

"ಅಯ್ಯ, ಬಿಸಲಿಗೆ ಅದs ನೀರು ಕುದೀತದ! ಟಾಯರು ಢಬ್ ಅಂತಾವ. ಅದರಾಗ ಹೋಳಿ ಬ್ಯಾರೆ. ಗಾಡಿಗೆ ಬಣ್ಣ ಉಗ್ಗಿದ್ರ?"

ಹೀಗೆ ಮೀನಮೇಷ ಎಣಿಸುವುದರಲ್ಲೇ ಎರಡು ಚಳಿಗಾಲ, ಎರಡು ಯುಗಾದಿ ಹಾಯ್ದುಹೋದವು. ಇಷ್ಟು ದಿನ ಸಂಸಾರ ಮಾಡಿದ ಹೆಂಗಸಿಗೆ ಗಂಡ ಹೆದರಿದ್ದಾನೋ ನೆಪ ಹೇಳುತ್ತಿದ್ದಾನೋ ತಿಳಿಯದೆ ಇರುವುದಿಲ್ಲ. ಇದು ನೆಪವೇ. ಆದರೆ ಯಾತಕ್ಕೆ ಎಂಬುದು ಮಾತ್ರ ಆಕೆಗೆ ಬಗೆಹರಿದಿರಲಿಲ್ಲ.

ಮೂರನೆಯ ವರ್ಷ, ದೀಪಾವಳಿ ಮುಗಿದ ಮೇಲೆ, ಮೇಲಿನ ಮನೆಯ ನರ್ಮದಾಬಾಯಿ ರೈಲಿನಲ್ಲಿ ಕಾಶಿಗೆ ಹೋಗಿ ಬಂದರು. ಗಂಗಾಜಲದ ಥಾಲಿ, ಕಾಶಿದಾರ ಹಿಡಿದು ಪ್ರಸಾದ ಕೊಡಲು ಕೆಳಗಿಳಿದು ಬಂದಾಗ ಗೂಳಪ್ಪನವರೂ ಮನೆಯಲ್ಲಿದ್ದರು. ಕಾಶಿಗೆ ಹೋದವರು ತಮಗೆ ಪ್ರೀತಿಯ ಒಂದು ಕಾಯಿ, ಒಂದು ಹಣ್ಣು ಗಂಗೆಗೆ ಬಿಟ್ಟು ಬರಬೇಕು, ಮತ್ತೆ ಜನ್ಮದಲ್ಲಿ ಅದನ್ನು ಮುಟ್ಟಬಾರದು. ಎಲ್ಲರಿಗೂ ಗೊತ್ತಿದ್ದ ಪದ್ಧತಿ.

"ನೀವೇನು ಬಿಟ್ಟಿರಿ?" ಎಂದು ಕಾಶವ್ವ ಮರಾಠಿಯಲ್ಲಿ ಕೇಳಿದಳು.

ಹೀರೇಕಾಯಿ ಬಿಟ್ಟೆ, ಪಪ್ಪಾಯಿ ಬಿಟ್ಟೆ ಎಂದರು ನರ್ಮದಾಬಾಯಿ. ಎರಡೂ ಅವರಿಗೆ ಮೊದಲಿನಿಂದಲೂ ಸೇರುತ್ತಿರಲಿಲ್ಲ. ನಗುನಗುತ್ತ ಅದನ್ನೂ ಹೇಳಿ ಮೇಲೆ ಹೋದರು.

ಗೂಳಪ್ಪನವರಿಗೆ ಮೈಯೆಲ್ಲ ಉರಿದುಹೋಯಿತು. "ಇದೇನ ಬಿಡೂದು? ದೇವರಿಗೆ ಟೋಪಿ ಹಾಕಿಧಾಂಗ ಆತು! ಬಿಟ್ರ ಜೀವಕ್ಕ ಬೇಕಾದ್ದನ್ನ ಬಿಡಬೇಕು. ಜೀವಕ್ಕ..." ಎಂದವರು ತಟ್ಟನೆ ಮಾತು ನುಂಗಿ ಗೋಡೆ ನೋಡತೊಡಗಿದರು.

ಕಾಶವ್ವ ಒಳಗೆ ಹೋಗಿ ಬಾಯಿಗೆ ಸೆರಗು ಹಿಡಿದು ಒಂದಿಷ್ಟು ನಕ್ಕಳು. ಥಂಡಿ ಬಿದ್ದರೆ ಕಾಯಿಪಲ್ಲೆ ಪೇಟೆಗೆ ಕೃಷ್ಣಾ ತೀರದ ಎಳೆಯ ಬದನೆಕಾಯಿ ಬರುತ್ತವೆ. ಎಣ್ಣೆಗಾಯಿ ಇದ್ದ ದಿನ ಈ ಮನುಷ್ಯನಿಗೆ ರೊಟ್ಟಿ ಬಡಿದು ಬಡಿದು ಕೈ ಸೋಲಬೇಕು. ಯುಗಾದಿ ದಾಟಿತೋ, ರತ್ನಾಗಿರಿಯ ಆಪೂಸು ಮಾವು. ಪಾಪ, ಯಾವ ಕಾಲದಲ್ಲಿ ಹೊರಟರೂ ಆ ಕಾಲದ್ದು ಬಾಯಿ ಮುಂದೆ ಬಂದು ನಿಲ್ಲುತ್ತದೆ. ಇಂಜಿನ್ನಿಗೆ ಸುಮ್ಮನೆ ಕೆಟ್ಟ ಹೆಸರು!

ಮರುದಿನ ಆಕೆ ಬೇಕೆಂದೇ ಎಣ್ಣೆಗಾಯಿ ಮಾಡಿದಳು. ಗುರೆಳ್ಳು, ಶೇಂಗಾ ಕುಟ್ಟಿ ತುಂಬಿದ್ದು. ಗೂಳಪ್ಪನವರು ಕಣ್ಣು ಮುಚ್ಚಿ ಮೊದಲ ತುತ್ತು ಬಾಯಿಗಿಟ್ಟಾಗ ಕೇಳಿದಳು:

"ಕಾಶ್ಯಾಗ ಇದನ್ನ ಬಿಡಬೇಕಾಗ್ತದಂತನs ಹೌದಲ್ರಿ, ಇಷ್ಟ ದಿವಸ ಇಂಜಿನ್ನಿಗೆ ಬೈದದ್ದು?"

ಗೂಳಪ್ಪನವರು ನೀರು ಕುಡಿದು, ಮೀಸೆ ಒರೆಸಿಕೊಂಡು, "ಹಂಗೇನಿಲ್ಲ" ಎಂದರು. ಆಮೇಲೆ, "ನರ್ಮದಾಬಾಯಿ ಹಂಗ ಸುಳ್ಳು ಸುಳ್ಳs ಬಿಡಾಕ ನನಗ ಬರೂದಿಲ್ಲ ನೋಡು" ಎಂದರು.

"ಹಂಗಾರ ನೀವು ಗಂಗವ್ವನ ದಂಡಿ ಮ್ಯಾಲ ಗಾಡಿ ಕಾಯ್ಕೋತ ಕೂಡ್ರಿ. ನಿಮ್ಮ ಪಾಲಿಂದೂ ನಾನs ಮುಳುಗತೀನಿ."

"ಚ್ಯಾಷ್ಟಿ ಮಾಡಬ್ಯಾಡ. ನೀ ಏನ ಬಿಡ್ತೀ, ಅದನ್ನರ ಹೇಳು."

ಕಾಶವ್ವ ಇನ್ನೊಂದು ರೊಟ್ಟಿ ಹಾಕಲು ಬಗ್ಗಿದಳು. ತಾಟಿನ ಅಂಚು ಸರಿಯಾಗಿ ಕಾಣದೆ ರೊಟ್ಟಿ ಅರ್ಧ ನೆಲಕ್ಕೆ ಬಿತ್ತು. ಅದನ್ನೆತ್ತಿಕೊಳ್ಳುತ್ತ, ನಗುತ್ತಲೇ ಅಂದಳು: "ನಾ ಏನ ಬಿಡ್ಲ್ರಿ? ಕಣ್ಣು ತಾನs ಬಿಟ್ಟು ಹೊಂಟಾವ. ಅವು ಹೋಗೂದ್ರಾಗ ಗಂಗವ್ವನ್ನ ನೋಡಿ ಬಂದ್ರ ಸಾಕು."

ಗೂಳಪ್ಪನವರ ಮುಖ ಬಾಡಿತು. ಹೆಂಡತಿಯ ಕಣ್ಣು ಹೀಗಾಗಿದೆ ಎಂದು ಗೊತ್ತಿದ್ದರೂ ಇಷ್ಟಾಗಿದೆ ಎಂದು ಅವರು ಎಣಿಸಿರಲಿಲ್ಲ. ಬದನೆಕಾಯಿಯ ಮುಂದೆ ಕೂತು ಇಂಥ ಮಾತು ಕೇಳಬೇಕಾಯಿತಲ್ಲ ಎಂದು ತಮ್ಮ ಮೇಲೆ ತಮಗೇ ಸಿಟ್ಟು ಬಂತು, ನಾಚಿಕೆಯೂ ಆಯಿತು.

"ಥಂಡಿಯೊಳಗನs ಹೋಗೂಣು" ಎಂದರು. "ಈ ತಿಂಗಳs. ಬದನಿಕಾಯೂ ಬಿಟ್ಟೆ, ಮಾವಿನಹಣ್ಣೂ ಬಿಟ್ಟೆ." ತಾಟಿನತ್ತ ನೋಡಿ, "ಅಲ್ಲೀತನಕ ಮಾತ್ರ ದಿನಾ ಮಾಡು" ಎಂದರು.

ಕಾಶವ್ವ ದಿನವೂ ಮಾಡಿದಳು. ಗೂಳಪ್ಪನವರೂ ಬೇಸರವಿಲ್ಲದೆ ತಿಂದರು.

ಹೊರಟ ಬೆಳಿಗ್ಗೆ ವಾಡೆಯವರೆಲ್ಲ ಸೇರಿ ಗಾಡಿಯನ್ನು ಓಣಿಯಿಂದ ಆಚೆಗೆ ನೂಕಿಕೊಟ್ಟರು. ಹ್ಯಾಂಡಲ್ ತಿರುವಿ ತಿರುವಿ ಗೂಳಪ್ಪನವರ ಪೇಟ ಓರೆಯಾಯಿತು. ಕೊನೆಗೊಮ್ಮೆ ಇಂಜಿನ್ನು ಗುಡುಗಿ, ಊರ ಹೊರಗಿನ ರಸ್ತೆ ಹಿಡಿದು ಖರಾಡಿಯವರೆಗೆ ಸುಸೂತ್ರವಾಗಿ ಓಡಿತು. ಆ ಹಳ್ಳಿಯ ಹೊಲಗಳ ಹತ್ತಿರ ಗಾಡಿ ಮೆಲ್ಲಗೆ ನಿಂತಿತು.

"ಏನಾತ್ರಿ?"

"ಇಂಜಿನ್ನು... ಒಂದೀಟು ಕಾದಂಗದ."

ಇಂಥ ಥಂಡಿಯಲ್ಲಿ! ಕಾಶವ್ವ ಕಿಟಕಿಗೆ ಮುಖ ಒಡ್ಡಿದಳು. ಮಸುಕಿನಲ್ಲಿ ಹಸಿರು ಕಂಡಿತು, ಅದರ ನಡುವೆ ಅಲ್ಲಲ್ಲಿ ನೇರಳೆ. ಬದನೆಯ ತೋಟ. ಪಕ್ಕದಲ್ಲಿ ಗಂಡನ ನಿಟ್ಟುಸಿರು ಕೇಳಿಸಿತು. ಆಕೆಗೆ ನಗುವೂ ಬಂತು, ಈ ಮನುಷ್ಯನ ಮೇಲೆ ಎಂದೂ ಇಲ್ಲದಷ್ಟು ಪ್ರೀತಿಯೂ ಉಕ್ಕಿತು.

ಸೀಟಿನ ಮೇಲಿದ್ದ ಅವರ ಕೈಮೇಲೆ ಕೈಯಿಟ್ಟಳು.

"ಅವಸರಿಲ್ಲ, ಆರಲಿ. ನೀವು ಕಣ್ತುಂಬ ನೋಡ್ಕೋರಿ" ಎಂದಳು. "ಅಲ್ಲಿ ಹ್ವಾದ ಮ್ಯಾಲ ನನ್ನ ಪಾಳಿ."